ಕೇಳಿದವರ ಮಾತಿನಲ್ಲೇ ಉತ್ತರ

ಮರ್ಯಾದೆ ಅತಿಯಾದರೂ ಮನುಷ್ಯ ಕೆಡುತ್ತಾನೆ. ಇದನ್ನು ನಾನು ಯಾವ ನೀತಿಯ ಪುಸ್ತಕದಿಂದಲೂ ಕಲಿಯಲಿಲ್ಲ. ಇದ್ದೊಂದು ನೌಕರಿಗೆ ಕುತ್ತು ತಂದುಕೊಂಡು ಕಲಿತೆ. ನಮ್ಮ ಆದೋನಿಯ ಕಡೆ ಒಂದು ಪದ್ಧತಿಯುಂಟು. ಎದುರಿನವರು ಯಾವ ಭಾಷೆಯಲ್ಲಿ ಕೇಳುತ್ತಾರೋ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು. ಚಿಕ್ಕವನಿದ್ದಾಗ ಬಳೆಗಾರ ತೆಲುಗಿನಲ್ಲಿ ಏನೋ ಕೇಳಿದ್ದಕ್ಕೆ ನಾನು ಕನ್ನಡದಲ್ಲಿ ಹೇಳಿದೆನೆಂದು ನಮ್ಮ ಅಜ್ಜಿ ಬೆನ್ನಿಗೊಂದು ಗುದ್ದಿದ್ದಳು. "ಮನಿಗೆ ಬಂದವ್ರಿಗೆ ಅವ್ರ ಮಾತಿನ್ಯಾಗ ಹೇಳಬೇಕಲೇ, ಇಲ್ಲಂದ್ರ ಮುಖದ ಮ್ಯಾಲ ಬಾಗಿಲಾ ಹಾಕಿದಂಗ" ಎಂದಿದ್ದಳು. ಹತ್ತಿ ಪೇಟೆಯಲ್ಲಂತೂ ಒಬ್ಬನೇ ವ್ಯಾಪಾರಿ ಒಂದೇ ಉಸಿರಿನಲ್ಲಿ ರೈತನಿಗೆ ತೆಲುಗು, ಹಮಾಲರಿಗೆ ಉರ್ದು, ಸ್ವಂತ ತಮ್ಮನಿಗೆ ಕನ್ನಡ ಹಂಚುತ್ತಾನೆ. ಅದರಲ್ಲಿ ಅವನಿಗೆ ಹೆಮ್ಮೆಯೂ ಇಲ್ಲ, ಆಯಾಸವೂ ಇಲ್ಲ.

ನಾನಿದ್ದದ್ದು ಒಂದು ಪುಟ್ಟ ಕಾಲೇಜು. ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಹೊಸತು. ನಾವು ಯಾರೂ ಕೂತ ಜಾಗದಿಂದ ಎದ್ದಿರಲಿಲ್ಲ, ಆದರೂ ರಾಜ್ಯ ಬದಲಾಗಿತ್ತು. ಪ್ರಿನ್ಸಿಪಾಲರು ತಂಜಾವೂರಿನವರು, ಗಣಿತದವರು ಗುಂಟೂರಿನವರು, ಉರ್ದು ಹೇಳಿಕೊಡುವ ಮೌಲ್ವಿ ಸಾಹೇಬರು ಊರಿನವರೇ, ಕನ್ನಡಕ್ಕೆ ನಾನೊಬ್ಬ. ನಾಲ್ವರೂ ಚಹಾಕ್ಕೆ ಕೂತರೆ ನಗೆಚಾಟಿಕೆ ನಾಲ್ಕು ಭಾಷೆಗಳಲ್ಲಿ ನಡೆಯುತ್ತಿತ್ತು, ಜಗಳ ಮಾತ್ರ ಇಂಗ್ಲಿಷಿನಲ್ಲಿ. ಅದು ನಮ್ಮಲ್ಲಿ ಯಾರ ಮನೆಯದೂ ಅಲ್ಲವಾದ್ದರಿಂದ ಯಾರ ಮನಸ್ಸಿಗೂ ನಾಟುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಕನ್ನಡ ತರಗತಿಯಲ್ಲಿರುವುದು ಏಳೇ ಜನ. ಅವರಿಗೆಲ್ಲ ತೆಲುಗು ಬರುವುದಾದರೆ ಕನ್ನಡಕ್ಕೆ ಬೇರೆ ಉಪನ್ಯಾಸಕರೇಕೆ, ಪರೀಕ್ಷಿಸಲು ಒಬ್ಬರು ಬರುತ್ತಾರೆ ಎಂದಿತ್ತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಎರಡು ದಿನ ನೋಡಿದಳು, ಮೂರನೆಯ ದಿನ, "ಬರಾಂವ ಹುಲಿ ಏನಲ್ಲಲ್ರೀ. ಹುಡುಗರಿಗೆ ಏನು ಹೇಳಬೇಕು ಅನ್ನೂದು ಕಲಿಸ್ರಿ, ನೀವ್ಯಾಕ ಎದಿ ಹಿಡ್ಕೊಂಡು ಕುಂತೀರಿ" ಎಂದಳು. ಆಕೆಯ ಮಾತು ಕೇಳಿದೆ. ಅಲ್ಲಿಯೇ ಕೆಟ್ಟಿತು.

ಒಂದು ವಾರ ಪಾಠ ಬಿಟ್ಟು ತಾಲೀಮು ಮಾಡಿಸಿದೆ. ಮಾತೃಭಾಷೆ ಯಾವುದೆಂದರೆ ಕನ್ನಡ ಎನ್ನಬೇಕು. ಮನೆಯಲ್ಲಿ ಆಡುವುದೇನೆಂದರೆ ಕನ್ನಡ ಎನ್ನಬೇಕು. ತೆಲುಗು ಓದುತ್ತೀಯಾ ಎಂದರೆ ಆಗದು ಎನ್ನಬೇಕು. ಆರು ಜನ ಚೆನ್ನಾಗಿ ಕಲಿತರು. ತೊಡಕಾದವನು ಏಳನೆಯವನು, ಖಾಜಾ. ತುಂಗಭದ್ರೆಯ ಆಚೆ ರಾಯಚೂರು ಕಡೆಯ ಹುಡುಗ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ. ಮನೆಯಲ್ಲಿ ಅವನದು ಉರ್ದು. ಇವನು ಬಾಯಿಬಿಟ್ಟರೆ ಕನ್ನಡದವರ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆಂದು ಹೆದರಿ, ಹಿಂದಿನ ಬೆಂಚಿಗೆ ಹೋಗಿ ಸುಮ್ಮನೆ ಕೂಡಲು ಹೇಳಿದೆ. ಅವನು ನನ್ನ ಮುಖ ನೋಡಿ, "ಆತ್ರೀ ಸಾರ್" ಎಂದು ಪುಸ್ತಕ ಎತ್ತಿಕೊಂಡು ಹೋದ. ಆ ನೋಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಪರೀಕ್ಷಕರು ಬಂದರು. ಮೆಲು ಮಾತಿನ ತೆಲುಗು ಪಂಡಿತರು, ಕನ್ನಡ ಒಂದಕ್ಷರ ತಿಳಿಯದು. ಪ್ರಿನ್ಸಿಪಾಲರೂ ಮೌಲ್ವಿ ಸಾಹೇಬರೂ ಜೊತೆಗೆ ಬಂದು ಕೂತರು. ಪಂಡಿತರು ಮೊದಲನೆಯವನನ್ನು, ಹತ್ತಿ ವ್ಯಾಪಾರಿಯ ಮಗ ವಿರೂಪಾಕ್ಷಿಯನ್ನು, ಎಬ್ಬಿಸಿ, "ನೀ ಮಾತೃಭಾಷ ಏದಿ ನಾಯನಾ?" ಎಂದು ಕೇಳಿದರು.

ವಿರೂಪಾಕ್ಷಿ ಕೈಕಟ್ಟಿ ನಿಂತು, "ಮಾದಿ ಕನ್ನಡಮೇ ಸಾರ್" ಎಂದ. ಆಮೇಲೆ ತನಗೆ ತೆಲುಗಿನಲ್ಲಿ ಓದುವುದು ಹೇಗೆ ಆಗದು ಎಂಬುದನ್ನು ಅಚ್ಚ ತೆಲುಗಿನಲ್ಲಿ, ಒಂದು ಗಾದೆಯನ್ನೂ ಸೇರಿಸಿ ವಿವರಿಸಿದ. ಏನು ಹೇಳಬೇಕೆಂದು ಕಲಿಸಿದ್ದೆನೇ ಹೊರತು ಯಾವ ಭಾಷೆಯಲ್ಲೆಂದು ಹೇಳಿರಲಿಲ್ಲ. ಎರಡನೆಯವನು ಎದ್ದ, ಅವನದೂ ತೆಲುಗು. ನಾಗಲದಿನ್ನೆಯ ರೈತನ ಮಗ ಎದ್ದ, ಅವನು ಇನ್ನೂ ಇಂಪಾಗಿ ಹೇಳಿದ. ಆರು ಜನವೂ ದೊಡ್ಡವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿ ಕೂತರು. ಪಂಡಿತರು ಪೆನ್ನಿನ ಟೋಪಿ ತೆಗೆದರು.

ಆಗ ಹಿಂದಿನ ಬೆಂಚಿನಿಂದ ಖಾಜಾ ತಾನಾಗಿಯೇ ಎದ್ದ. "ಸಾರ್, ನನಗ ತೆಲುಗು ಬರಂಗಿಲ್ರಿ. ನಮ್ಮ ಮನಿಯಾಗ ಉರ್ದು, ಸುಳ್ಳ್ಯಾಕ ಹೇಳ್ಲಿ. ಸಾಲಿ ಕಲ್ತದ್ದು ಕನ್ನಡದಾಗ. ಇಲ್ಲಿ ಕನ್ನಡ ತಗದ್ರ ನಾ ಓದೂದು ಬಿಟ್ಟು ಹೊಳಿ ದಾಟಿ ಊರಿಗೆ ಹೋಗಬೇಕ್ರಿ" ಎಂದ. ಇಡೀ ತರಗತಿಯಲ್ಲಿ ಕನ್ನಡದಲ್ಲಿ ಮಾತಾಡಿದವನು ಅವನೊಬ್ಬನೇ.

ಪಂಡಿತರು ಏನೆಂದು ನನ್ನ ಕಡೆ ನೋಡಿದರು. ನನಗೆ ಎಲ್ಲಿಲ್ಲದ ಆವೇಶ ಬಂತು. ಹುಡುಗ ಹೇಳಿದ್ದನ್ನು ಒಂದೂ ಬಿಡದೆ ತಿಳಿಸಿದೆ. ಕನ್ನಡವಿಲ್ಲದಿದ್ದರೆ ಇಂಥವರು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ನಮ್ಮೂರಿನ ಪದ್ಧತಿ ಹೇಳಿದೆ, ಅಜ್ಜಿಯ ಗುದ್ದು ಹೇಳಿದೆ. ಹತ್ತು ನಿಮಿಷ ನಿಲ್ಲಿಸಲಿಲ್ಲ. ಪಂಡಿತರ ಕಣ್ಣು ಒದ್ದೆಯಾಯಿತು. ಮೌಲ್ವಿ ಸಾಹೇಬರು ಮಾತ್ರ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೇಷ್ಟ್ರೇ, ತೆಲುಗು ಭಾಳ ಛಲೋ ಮಾತಾಡಿದ್ರಿ" ಎಂದರು.

ಹದಿನೈದು ದಿನಕ್ಕೆ ಆಜ್ಞೆ ಬಂತು. ಖಾಜಾನಂಥ ವಿದ್ಯಾರ್ಥಿಗಳ ಸಲುವಾಗಿ ಕನ್ನಡ ಉಳಿಯತಕ್ಕದ್ದು. ಓದಿ ಕಣ್ಣಿಗೊತ್ತಿಕೊಂಡೆ. ಕೆಳಗೆ ಇನ್ನೊಂದು ಸಾಲಿತ್ತು. ತೆಲುಗು ಉಪನ್ಯಾಸಕರ ಜಾಗ ಖಾಲಿಯಿರುವುದರಿಂದ, ಆ ಭಾಷೆಯಲ್ಲಿ ಕನ್ನಡ ಉಪನ್ಯಾಸಕರ ಪ್ರೌಢಿಮೆಯನ್ನು ಖುದ್ದಾಗಿ ಕೇಳಿರುವುದರಿಂದ, ತೆಲುಗು ತರಗತಿಗಳನ್ನೂ ಇವರೇ ನಡೆಸತಕ್ಕದ್ದು.

ಈಗ ಮೊದಲ ಗಂಟೆ ತೆಲುಗು, ಎರಡನೆಯ ಗಂಟೆ ಕನ್ನಡ. ಗಂಟೆ ಬದಲಾದರೂ ಎಷ್ಟೋ ಸಲ ನನ್ನ ನಾಲಿಗೆ ಬದಲಾಗಿರುವುದಿಲ್ಲ. ಕನ್ನಡ ತರಗತಿಯಲ್ಲಿ ನಿಂತು ತೆಲುಗಿನಲ್ಲಿ ಪ್ರಶ್ನೆ ಕೇಳಿಬಿಡುತ್ತೇನೆ. ಹುಡುಗರು ಮರ್ಯಾದಸ್ಥರು, ನಾನು ಕೇಳಿದ ಭಾಷೆಯಲ್ಲೇ ಉತ್ತರ ಕೊಡುತ್ತಾರೆ. ಹೀಗೆ ಅರ್ಧ ಗಂಟೆ ನಡೆದದ್ದೂ ಉಂಟು. ಆಮೇಲೆ ಖಾಜಾ ಮೆಲ್ಲಗೆ ಎದ್ದು, "ಸಾರ್, ಇದು ಕನ್ನಡ ಕ್ಲಾಸ್ ಐತ್ರಿ" ಎನ್ನುತ್ತಾನೆ. ಅವನನ್ನು ಈಗ ಮುಂದಿನ ಬೆಂಚಿನಲ್ಲೇ ಕೂಡಿಸಿಕೊಂಡಿದ್ದೇನೆ.