ನಲವತ್ತು ಚಂದ್ರಂಕಿ

ಕುದೂರಿನ ಹೊಸ ಕಲ್ಯಾಣ ಮಂಟಪದಲ್ಲಿ ಬ್ಯಾಂಡಿನ ಕೆಂಪರಾಜು ಮೈಕಿಗೆ ಬಾಯಿಟ್ಟು ‘ಹಲೋ’ ಎಂದ. ಎದುರು ಗೋಡೆ ‘ಹಲೋ’ ಎಂದಿತು, ಚಾವಣಿ ‘ಲೋ’ ಎಂದಿತು, ಊಟದ ಹಾಲ್ ಕೊನೆಗೆ ‘ಓ’ ಎಂದು ಸುಮ್ಮನಾಯಿತು. ನೆಲದಿಂದ ಸೂರಿನವರೆಗೆ ಹೊಳೆಯುವ ಟೈಲ್ಸು.

ಡ್ರಮ್ಮಿನ ಮುಕ್ತಿಯಾರ್ ಒಂದು ಪೆಟ್ಟು ಹಾಕಿದ. ನೂರು ತೆಂಗಿನಕಾಯಿ ಬಾವಿಗೆ ಬಿದ್ದಂತಾಯಿತು.

“ಏನ್ಲಾ ಇದು, ಬ್ಯಾಂಡೋ ಜಲ್ಲಿ ಮಿಷನ್ನೋ?” ಮಂಟಪದ ಯಜಮಾನ ಪುಟ್ಟಸ್ವಾಮಿ ಕಿವಿ ಮುಚ್ಚಿಕೊಂಡ. “ಕೆಂಪ, ಸಂಜೆ ರಿಸೆಪ್ಷನ್ನಲ್ಲಿ ಚೆಂದಾಗಿ ಕೇಳಿಸ್ತೋ, ಈ ವರ್ಸದ ಮದ್ವೆಗಳೆಲ್ಲ ನಿಮ್ ಬ್ಯಾಂಡಿಗೇ. ಇಲ್ಲಾಂದ್ರೆ ಇದೇ ಕೊನೆ.”

ಗೋಡೆಗೆ ಗೋಣಿಚೀಲ ಕಟ್ಟು ಎಂದರು ಅಡುಗೆಯವರು. ಕಟ್ಟಿದ. ಮಂಟಪದ ತುಂಬ ಈರುಳ್ಳಿ ವಾಸನೆ ಬಂತೇ ಹೊರತು ಸದ್ದು ಬಗ್ಗಲಿಲ್ಲ. ಸ್ಪೀಕರನ್ನು ಮೂಲೆಗೆ ತಿರುಗಿಸು ಎಂದ ಹೂವಿನವನು. ತಿರುಗಿಸಿದ. ಮೂಲೆಯೂ ಕೂಗತೊಡಗಿತು.

“ಗೋಡೆ ನುಣ್ಣಗಿದ್ರೆ ಸದ್ದು ಜಾರ್ತದೆ ಕಣಣ್ಣ. ಒಸಿ ತೊಡಕಾಗಂಥದ್ದು ಏನಾದ್ರೂ ಬೇಕು,” ಎಂದ ಮುಕ್ತಿಯಾರ್.

ಕೆಂಪರಾಜು ಕಿಟಕಿಯಾಚೆ ನೋಡಿದ. ಪಕ್ಕದ ಮನೆ ಬೈರಮ್ಮನ ಅಂಗಳದಲ್ಲಿ ಚಂದ್ರಂಕಿಗಳು ಬಿಸಿಲು ಕಾಯುತ್ತಿದ್ದವು. ರೇಷ್ಮೆಹುಳ ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಹೆಣೆದ ಆಳೆತ್ತರದ ತಟ್ಟಿಗಳು.

“ಬೈರಕ್ಕ, ಒಂದಿನಕ್ಕೆ ಕೊಡ್ತೀಯಾ?”

“ನಮ್ ಹುಳ ಹಣ್ಣಾಗಿ ಗೂಡಿಗೆ ಬರಾದು ನಾಳೆ. ತಗಂಡೋಗು. ಬೇಕಾದಾಗ ನಾನೇ ಬತ್ತೀನಿ.”

ನಲವತ್ತು ಚಂದ್ರಂಕಿ ಗೋಡೆಗೆ ಒರಗಿದವು. ಮುಕ್ತಿಯಾರ್ ಮತ್ತೆ ಹೊಡೆದ. ಒಂದೇ ಪೆಟ್ಟು. ಹುಟ್ಟಿದಲ್ಲೇ ದುಂಡಗೆ ನಿಂತು, ಮುಗಿಯಿತು. ಅದರ ಹಿಂದೆ ಬಂದ ಮೌನವನ್ನು ಇಬ್ಬರೂ ಬಾಯ್ತೆರೆದು ಕೇಳಿದರು. ಹದಿನೆಂಟು ವರ್ಷ ಸದ್ದು ಮಾಡಿಕೊಂಡೇ ಬದುಕಿದ ಕೆಂಪರಾಜುವಿಗೆ, ಒಂದು ಪೆಟ್ಟಿನ ಪಕ್ಕದಲ್ಲಿ ಇಷ್ಟೊಂದು ಜಾಗವಿರುತ್ತದೆಂದು ಗೊತ್ತೇ ಇರಲಿಲ್ಲ.

“ಲೇ, ನನ್ ಎದೆ ಒಳ್ಗೇ ಬಾರಿಸ್ದಂಗಾಯ್ತಲ್ಲಾ!” ಎಂದ ಪುಟ್ಟಸ್ವಾಮಿ.

ಕೆಂಪರಾಜು ಮನೆಗೆ ಹೋಗಿ ಉಂಡು, ಕೆಂಪು ಕೋಟು ತೊಟ್ಟು ಸಂಜೆ ಬಂದರೆ, ಬಾಗಿಲಲ್ಲಿ ಬೈರಮ್ಮ ತುಟಿಗೆ ಬೆರಳಿಟ್ಟು ನಿಂತಿದ್ದಳು.

“ಮೆಲ್ಲಗೆ ಕಣಪ್ಪಾ. ಸೆಕೆಗೆ ಹುಳ ಇವತ್ತೇ ಹಣ್ಣಾಗ್ಬುಟ್ವು. ಸೊಪ್ಪು ಬುಟ್ಟು ಗೂಡು ಕಟ್ಟಕ್ಕೆ ನಿಂತವು ಕಾಯ್ತಾವಾ? ಚಂದ್ರಂಕಿ ಇಲ್ಲಿದ್ವಲ್ಲ, ಹುಳಾನೇ ಇಲ್ಲಿಗೆ ತಂದು ಬುಟ್ಟೆ.”

“ಅಯ್ಯೋ ಬೈರಕ್ಕ, ಎತ್ಕೊಂಡೋಗು!”

“ನೂಲು ಬುಡೋ ಹುಳ ಅಲ್ಲಾಡಿಸ್ತಾರೇನ್ಲಾ? ಮೂರು ದಿನ ಇಲ್ಲಿ ಡ್ರಮ್ಮು ಗಿಮ್ಮು ಏನೂ ಇಲ್ಲ.”

ಬಂದ ನೆಂಟರೆಲ್ಲ ರೇಷ್ಮೆ ಸಾಕುವವರೇ. ಒಬ್ಬರೂ ಎದುರು ಹೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ತುದಿಗಾಲಲ್ಲಿ ಬಂದು ಕೂತರು. ಸುರುಳಿಗಳ ತುಂಬ ಸಾವಿರಾರು ಹುಳಗಳು ತಲೆಯಾಡಿಸುತ್ತ ನೂಲು ಬಿಡುತ್ತಿದ್ದವು. ಮದುಮಗಳ ಬಳೆ ಅಲುಗಿದ್ದು ಕೊನೆಯ ಸಾಲಿಗೂ ಕೇಳಿಸಿತು. ಗುಡಿಯೊಳಗೆ ನಿಂತಂತೆ ಕೆಂಪರಾಜು ತನಗರಿವಿಲ್ಲದೆ ಕೈ ಮುಗಿದ.

ಹೊರಡುವಾಗ ಪುಟ್ಟಸ್ವಾಮಿ ಪಿಸುಗುಟ್ಟಿದ: “ಇಂಥ ರಿಸೆಪ್ಷನ್ನು ಈ ಹೋಬಳೀಲೇ ಆಗಿಲ್ಲ ಕಣ್ಲಾ. ಆಗ್ಲೇ ನಾಕು ಪಾರ್ಟಿ ಬುಕ್ ಮಾಡವ್ರೆ.”

“ನಮ್ ಬ್ಯಾಂಡಾ ಅಣ್ಣ?”

“ಬೈರಮ್ಮನ ಹುಳ.”