ಉತ್ತರವಿಲ್ಲ ಎಂದ ಲೈಬ್ರರಿಯ ಮೇಲಿನ ಕ್ರಮ

ನಮ್ಮ ಸೇತುವೆ ವಿನ್ಯಾಸ ಕಚೇರಿಯ ಎಲ್ಲ ಮೇಜಿನ ಕಂಪ್ಯೂಟರುಗಳಿಗೂ ರೇಖೀಯ ಬೀಜಗಣಿತದ ಲೈಬ್ರರಿಗಳನ್ನು ತರತಕ್ಕದ್ದು ಎಂಬ ಆದೇಶವನ್ನು ಸ್ವಾಗತಿಸದವರು ಯಾರೂ ಇರಲಿಲ್ಲ. ಅವು ಏನೆಂದು ತಿಳಿದಿದ್ದವನು ಮಾತ್ರ ಪ್ರೋಗ್ರಾಮರ್ ಒಬ್ಬನೇ. ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಈ ಪ್ರೋಗ್ರಾಂಗಳು ಅಲ್ಲಿಯವರೆಗೆ ಕೇಂದ್ರ ಕಚೇರಿಯ ದೊಡ್ಡ ಯಂತ್ರದಲ್ಲಿದ್ದವು. ಅವುಗಳ ಉತ್ತರಗಳು ಮೇಲಧಿಕಾರಿಗಳ ಕೈಯಲ್ಲಿ ತಿದ್ದಿಸಿಕೊಂಡು, ತಲೆ ಬಾಚಿಕೊಂಡು, ಸಭ್ಯವಾಗಿ ನಮ್ಮಲ್ಲಿಗೆ ಬರುತ್ತಿದ್ದವು.

ಪ್ರೋಗ್ರಾಮರ್ ಊಟ ನಿದ್ದೆ ಬಿಟ್ಟು ಅವನ್ನು ಮೇಜಿನ ಯಂತ್ರಗಳಿಗೆ ಒಗ್ಗಿಸಿದ. ಮೊದಲ ಲೆಕ್ಕಕ್ಕೆ, ಹೊಳೆಗೆ ಆಗಲೇ ಕಟ್ಟಿ ಮುಗಿಸಿದ್ದ ಸೇತುವೆಯ ಅಳತೆಗಳನ್ನು ಕೊಟ್ಟರು. ಅದರ ನಡುವಿನ ಕಂಬ ಹೊಳೆಯಲ್ಲಿರಲಿಲ್ಲ. ಮುಖ್ಯ ಎಂಜಿನಿಯರರ ಮನೆಯ ಮಹಡಿಯ ರೂಪದಲ್ಲಿ ಸುಸ್ಥಿತಿಯಲ್ಲಿತ್ತು. ಲೈಬ್ರರಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು: ಉತ್ತರವಿಲ್ಲ.

"ಏನ್ರೀ ಹಾಗಂದ್ರೆ?" ಎಂದರು ಮುಖ್ಯ ಎಂಜಿನಿಯರ್.

"ಸೇತುವೆ ನಿಲ್ಲಲ್ಲ ಅಂತ, ಸಾರ್," ಎಂದ ಪ್ರೋಗ್ರಾಮರ್.

"ನಿಂತಿದೆಯಲ್ರೀ!"

"ಯಾರೂ ಹತ್ತಿಲ್ಲ, ಅದಕ್ಕೇ ನಿಂತಿದೆ."

"ದೊಡ್ಡ ಯಂತ್ರ ಯಾವತ್ತೂ ಹೀಗೆ ಎದುರು ಮಾತಾಡಿರ್ಲಿಲ್ಲ. ಇದಕ್ಕೆ ನೀವು ಸಲುಗೆ ಜಾಸ್ತಿ ಕೊಟ್ಟಿದ್ದೀರಿ. ಅಂದ ಹಾಗೆ, ನಿಮ್ಮ ಕೆಲಸ ಕಾಯಂ ಆಗೋ ಫೈಲು ನನ್ನ ಹತ್ರಾನೇ ಇದೆ ಅಲ್ವಾ?"

ನನಗೆ ಆ ಲೈಬ್ರರಿಯ ಮೇಲೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಒಮ್ಮೆಯೂ ಹಾಗೆ ಮಾತಾಡಿಲ್ಲ.

ವಾರದೊಳಗೆ ಸಮಜಾಯಿಷಿ ನೀಡುವಂತೆ ಲೈಬ್ರರಿಗೆ ನೋಟಿಸು ಹೋಯಿತು. ಅದು ಬಾಯಿ ಬಿಡದ ಕಾರಣ ತಪ್ಪೊಪ್ಪಿಕೊಂಡಿದೆ ಎಂದು ಪರಿಗಣಿಸಿ ನಿಯಮ ಹೊರಡಿಸಲಾಯಿತು: "ಕಚೇರಿಯ ಲೈಬ್ರರಿಗಳು ಉತ್ತರವಿಲ್ಲ ಎನ್ನುವಂತಿಲ್ಲ. ಉತ್ತರ ಇಲ್ಲದಿದ್ದಲ್ಲಿ ಮೇಲಧಿಕಾರಿಯ ಉತ್ತರವನ್ನೇ ತಮ್ಮದೆಂದು ಭಾವಿಸತಕ್ಕದ್ದು." ಪ್ರೋಗ್ರಾಮರ್ ಅದಕ್ಕೆ ಬೇಕಾದ ಸಾಲೊಂದನ್ನು ಬರೆದು ಸೇರಿಸಿದ. ಲೈಬ್ರರಿ "ಸರಿ" ಎಂದಿತು. ಅವನ ಕಾಯಂ ಫೈಲು ಅಂದೇ ಮುಂದಕ್ಕೆ ಹೋಯಿತು.

ಪ್ರೋಗ್ರಾಮರನ ಅಕ್ಕ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಊಟಕ್ಕೆ ಕೂತಾಗ ಕೇಳಿದಳು, "ನಾಳೆಯಿಂದ ದೋಣಿ ಕಾಯೋದು ತಪ್ಪುತ್ತಲ್ವೇನೋ?"

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ಬೇಡಕ್ಕ. ನೀನು ದೋಣೀಲೇ ಹೋಗು."

"ಯಾಕೋ? ಸೇತುವೆ ಸರಿಯಿದೆ ಅಂತ ಕಂಪ್ಯೂಟರೇ ಹೇಳಿದೆಯಂತೆ."

"ಹಾಗೆ ಹೇಳಿಸಿದ್ದು ನಾನೇ."

ಅಕ್ಕ ಆಸ್ಪತ್ರೆಗೆ ಹೇಳಿದಳು, ಆಸ್ಪತ್ರೆ ಊರಿಗೆ ಹೇಳಿತು. ಉದ್ಘಾಟನೆಯ ದಿನ ಮುಖ್ಯ ಎಂಜಿನಿಯರ್ ಟೇಪು ಕತ್ತರಿಸಿ, ಚಪ್ಪಾಳೆ ಮುಗಿದ ಮೇಲೆ, ಆಚೆ ದಡದಲ್ಲಿ ಭಾಷಣ ಮಾಡಲು ದೋಣಿ ಹತ್ತಿದರು. ಹಿಂದೆಯೇ ನಾವೆಲ್ಲ ಹತ್ತಿದೆವು. ಅಂದಿನಿಂದ ಸೇತುವೆಯ ಶುಲ್ಕವನ್ನು ದೋಣಿಯಲ್ಲೇ ವಸೂಲಿ ಮಾಡಲಾಗುತ್ತಿದೆ; ತಕರಾರು ಬಂದಿಲ್ಲ. ಒಂದಿಷ್ಟೂ ಸವೆಯದ ಕಾರಣ ಸೇತುವೆಗೆ ಉತ್ತಮ ನಿರ್ವಹಣೆಯ ಪ್ರಶಸ್ತಿಯೂ ಬಂತು.

"ಸೇತುವೆ ಬಂದ್ಮೇಲೆ ನಮ್ಮ ಕಸುಬು ಕೈ ಹಿಡೀತು ಕಣಮ್ಮ," ಎಂದ ದೋಣಿಯವನು ಅಕ್ಕನಿಗೆ. "ಇನ್ನೊಂದು ಕಟ್ಟಿಸೋಕೆ ಹೇಳಿ ನಿಮ್ಮ ತಮ್ಮಂಗೆ."

ಕಟ್ಟಿಸುತ್ತಿದ್ದೇವೆ. ಹೊಸದಕ್ಕೆ ಕಂಬಗಳೇ ಇಲ್ಲ. ಲೈಬ್ರರಿ ಆಗಲೇ ಒಪ್ಪಿಗೆ ಕೊಟ್ಟಿದೆ.