ಬಿದ್ದ ಗೋಡೆಯ ಅಳತೆ

ಬೈಕಂಪಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಊರಿಗೆಲ್ಲ ಅಳತೆ ಟೇಪು ಮಾರಿದವನು ನಾನು. ಹಾಗಾಗಿಯೋ ಏನೋ, ಅಳತೆಯ ಫಜೀತಿಗಳು ವಿಳಾಸ ಕೇಳಿಕೊಂಡು ನನ್ನ ಮನೆಗೇ ಬರುತ್ತವೆ. ಕಳೆದ ಮಳೆಗಾಲದಲ್ಲಿ ದೇರೆಬೈಲಿನ ನಮ್ಮ ಕೆಂಪುಕಲ್ಲಿನ ಕಂಪೌಂಡು ಬಿದ್ದ ಮೇಲೆ ಬಂದವು ಇವು.

೧. ಯಾರದ್ದೂ ಅಲ್ಲದ ಜಾಗ

ನನ್ನದು ಇಳಿಜಾರಿನ ಮೇಲ್ಬದಿ. ಕೆಳಬದಿ ಕುವೈತಿನಿಂದ ವಾಪಸು ಬಂದ ನೆರೆಯವರದ್ದು. ಕ್ರಿಶ್ಚಿಯನ್ನರನ್ನು ನಾವು ತುಳುವರು ಕರೆಯುವ ಹಾಗೆ ನಾನವರನ್ನು ಪೊರ್ಬುಗಳು ಎನ್ನುತ್ತೇನೆ. ಹೊಸ ಗೋಡೆ ಎಲ್ಲಿ ಕಟ್ಟುವುದು? ನಾನು ಮೇಲಿನ ರಸ್ತೆಯಿಂದ ಕೆಳಗೆ ಟೇಪು ಎಳೆದೆ. ಅವರು ಕೆಳಗಿನ ರಸ್ತೆಯಿಂದ ಮೇಲೆ ಎಳೆದರು. ಜಾಗದ ಪತ್ರದಲ್ಲಿದ್ದಷ್ಟು ಇಬ್ಬರಿಗೂ ಸಿಕ್ಕಿ, ನಡುವೆ ಒಂದು ಸೈಕಲ್ ಹೋಗುವಷ್ಟು ಜಾಗ ಉಳಿಯಿತು.

"ಅದು ನಮ್ಮದು," ಅಂದರು ಪೊರ್ಬುಗಳು.

"ಹೇಗೆ? ನಿಮ್ಮದು ಪೂರ್ತಿ ಸಿಕ್ಕಿತಲ್ಲ?"

"ನಿಮಗೂ ಸಿಕ್ಕಿತಲ್ಲ ಶೆಟ್ರೇ? ಮತ್ತೆ ನಿಮಗೆ ಎಂತಕ್ಕೆ?"

ನಾನು ಸ್ವರ ಏರಿಸಿ ಅದನ್ನೇ ಮತ್ತೆ ಕೇಳಿದೆ.

"ಟೇಪು ನಿಮ್ಮ ಅಂಗಡಿಯದ್ದು. ಯಜಮಾನರಿಗೆ ಬೇಕಾದ ಹಾಗೆ ಅಳೆಯುತ್ತದೆ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನನ್ನ ಟೇಪಿನ ಬಗ್ಗೆ ದೂರು ಬೇಕಾದಷ್ಟು ಕೇಳಿದ್ದೇನೆ. ಅದಕ್ಕೆ ನಿಯತ್ತು ಜಾಸ್ತಿ ಎಂಬ ದೂರು ಅದೇ ಮೊದಲು.

೨. ಅವರಿಗೆ ಹೇಳಿ

ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಅಂಗಡಿಯಿಂದ ಬಂದ ಮೇಲೆ ನನ್ನೊಡನೆ ಮಾತಾಡುತ್ತಿದ್ದವರು ಈ ಪೊರ್ಬುಗಳು ಮಾತ್ರ. ಗೋಡೆಗೆ ಮೊಣಕೈ ಊರಿ ಬಂಗುಡೆ ಮೀನಿನ ರೇಟಿನಿಂದ ಕುವೈತಿನ ಬಿಸಿಲಿನವರೆಗೆ ಹೇಳುತ್ತಿದ್ದರು. ಈಗ ಗೋಡೆಯೂ ಇಲ್ಲ, ಮಾತೂ ಇಲ್ಲ. ನಾನು ಟಿವಿಗೆ ಉತ್ತರ ಕೊಡಲು ಶುರುಮಾಡಿದೆ. ಅದು ಎದುರು ಮಾತಾಡುವುದಿಲ್ಲ, ಅದೇ ಬೇಜಾರು.

ಕೊನೆಗೆ ಸರ್ವೆಯವರನ್ನು ಕರೆಸಿದೆ. ಮೂರು ಕಾಲಿನ ಯಂತ್ರವೂ ಅಳತೆಯ ಕೋಲೂ ಬಂದವು. ಪೊರ್ಬುಗಳು ನನ್ನ ಪಕ್ಕದಲ್ಲೇ ನಿಂತು ಸರ್ವೆಯವರಿಗೆ ಹೇಳಿದರು: "ಅವರಿಗೆ ಹೇಳಿ, ಕೋಲು ನನ್ನ ಬಸಳೆಯ ಮೇಲೆ ಉಂಟು."

"ಅವರಿಗೆ ಹೇಳಿ, ಬಸಳೆ ನನ್ನ ಜಾಗದಲ್ಲಿ ಉಂಟು," ಅಂದೆ ನಾನು.

"ಇಬ್ಬರಿಗೂ ಹೇಳ್ತೇನೆ," ಅಂದರು ಸರ್ವೆಯವರು. "ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಅಂಟಿಸಿ ಎಳೆಯಬಾರದು, ಮಟ್ಟವಾಗಿ ಹಿಡಿಯಬೇಕು. ಪತ್ರದ ಅಳತೆ ಮಟ್ಟದ್ದು, ಇಳಿಜಾರಿನ ನೆಲ ಅದಕ್ಕಿಂತ ಉದ್ದ. ಮಟ್ಟವಾಗಿ ಅಳೆದರೆ ನಡುವೆ ಜಾಗವೇ ಉಳಿಯುವುದಿಲ್ಲ."

"ಅವರಿಗೆ ಹೇಳಿ, ಸುಮ್ಮನೆ ಜಗಳ ಮಾಡಿದ್ದು ಅಂತ," ಅಂದರು ಪೊರ್ಬುಗಳು.

"ಅವರಿಗೆ ಹೇಳಿ, ನನಗೆ ಕೇಳಿಸಲಿಲ್ಲ ಅಂತ."

೩. ನೀಲಿ ಬಣ್ಣ

ಗಡಿ ತೀರ್ಮಾನವಾಯಿತು, ಮಾತು ಶುರುವಾಗಲಿಲ್ಲ. ಎದುರಿನವರು ಹೇಳುವ ಮೊದಲು ರೇಟು ಬಾಯಿಬಿಡದೆ ವ್ಯಾಪಾರ ಮಾಡಿದವನು ನಾನು. ಇಲ್ಲಿಯೂ ಅದೇ ಹಟ. ಆದರೆ ಹೊಸ ಗೋಡೆ ಎದ್ದರೆ ಈ ಮೌನವೇ ಖಾಯಂ ಎಂದು ಒಳಗೊಳಗೆ ಹೆದರಿಕೆ.

ನಕ್ಷೆ ತೋರಿಸಲು ಬಂದ ಸರ್ವೆಯವರು ಎರಡೂ ಜಾಗದ ಮೂಲೆಗಳನ್ನು ಲ್ಯಾಪ್‌ಟಾಪಿನ ಭೂಪಟದಲ್ಲಿ ಇಟ್ಟರು. ಸುತ್ತ ಎಲ್ಲ ನೀಲಿ.

"ಇದೆಂತ ನೀಲಿ?" ಕೇಳಿದರು ಪೊರ್ಬುಗಳು.

ಸರ್ವೆಯವರು ಬೆವರಿದರು. "ಸರ್, ನಕ್ಷೆಗೆ ಬೇಕಾಗಿ ಇಡೀ ಭೂಗೋಳವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ನಂಬರು ಕೊಟ್ಟಿದ್ದಾರೆ. ನಮ್ಮದು ನಲವತ್ತಮೂರು. ನಾನು ನಲವತ್ತನಾಲ್ಕು ಒತ್ತಿದೆ. ನಿಮ್ಮ ಜಾಗ ಚೆನ್ನೈ ದಾಟಿ ಬಂಗಾಳ ಕೊಲ್ಲಿಗೆ ಹೋಗಿದೆ. ಆದರೆ ಅಳತೆ ತಪ್ಪಿಲ್ಲ ಸರ್. ನಿಮ್ಮಿಬ್ಬರ ಗಡಿ ಒಂದು ಬೆರಳೂ ಆಚೀಚೆ ಆಗಿಲ್ಲ."

ಪೊರ್ಬುಗಳು ಕನ್ನಡಕ ಏರಿಸಿ ನೋಡಿದರು. ನೀರಿನ ನಡುವೆ ಎರಡು ಚೌಕ, ಒಂದಕ್ಕೊಂದು ಅಂಟಿಕೊಂಡು. ಸರ್ವೆಯವರನ್ನು ಬಿಟ್ಟು ಅವರು ನೇರ ನನ್ನ ಕಡೆ ತಿರುಗಿದರು.

"ಎಂತದು ಮಾರಾಯ್ರೆ, ನಡು ಸಮುದ್ರಕ್ಕೆ ಹೋದರೂ ಪಕ್ಕದ ಮನೆ ನಿಮ್ಮದೇಯಾ?"